ಒಂದು ಹಗಲಿನ ಹೂವು

ಹೂವಿನ ಗಿಡಗಳನ್ನು ಸಾಕುವ ಗೃಹಸ್ಥರಲ್ಲಿ ಎರಡು ಪಂಗಡಗಳುಂಟು. ಕೊಯ್ದ ಹೂವು ಎಷ್ಟು ದಿನ ಬಾಡದೆ ನಿಂತೀತೆಂದು ಕೇಳುವವರು ಒಂದು ಪಂಗಡದವರು. ಗಿಡವು ವರ್ಷದಲ್ಲಿ ಎಷ್ಟು ದಿನ ಹೂವನ್ನು ಕೊಟ್ಟೀತೆಂದು ಕೇಳುವವರು ಇನ್ನೊಂದು ಪಂಗಡದವರು. ಮೊದಲನೆಯದು ಪೇಟೆಯ ಲೆಕ್ಕ. ಎರಡನೆಯದು ಹಿತ್ತಲಿನ ಲೆಕ್ಕ. ಪೇಟೆಯ ಲೆಕ್ಕದಲ್ಲಿ ದಾಸವಾಳಕ್ಕೆ ಬೆಲೆಯಿಲ್ಲ. ಅದು ಬೆಳಿಗ್ಗೆ ಅರಳುವದು, ಸಂಜೆಗೆ ಮುದುಡುವದು, ಮರುದಿನ ಸುರುಳಿಯಾಗಿ ನೆಲಕ್ಕೆ ಬೀಳುವದು. ಮಾಲೆ ಕಟ್ಟಿ ಊರಿಂದೂರಿಗೆ ಕಳಿಸಲಿಕ್ಕೆ ಬಾರದು. ಪರಿಮಳವಂತೂ ಮೊದಲೇ ಇಲ್ಲ. ಆದರೆ ಹಿತ್ತಲಿನ ಲೆಕ್ಕವನ್ನು ಹಿಡಿದವರಿಗೆ ಇದರಷ್ಟು ನಂಬುಗೆಯ ಗಿಡವು ಮತ್ತೊಂದು ದೊರೆಯುವದು ಕಠಿಣ. ಮಲ್ಲಿಗೆಗೆ ಒಂದು ಕಾಲ, ಸಂಪಿಗೆಗೆ ಒಂದು ಕಾಲ, ಸೇವಂತಿಗೆಗೆ ಒಂದು ಕಾಲ. ದಾಸವಾಳಕ್ಕೆ ಮಾತ್ರ ಹನ್ನೆರಡು ತಿಂಗಳುಗಳೂ ತನ್ನವೇ.

ಇಂಥ ಏಕಾಹಜೀವಿಯಾದ ಹೂವನ್ನು ಮೆಚ್ಚುವವರು ನಾವು ಮಾತ್ರವೇ ಅಲ್ಲ. ಪಾಶ್ಚಾತ್ಯ ದೇಶಗಳ ತೋಟಗಾರರು ‘ಡೇ ಲಿಲಿ’ ಎಂಬ ಹೆಸರಿನಿಂದ ಕರೆಯುವ ಒಂದು ಗಿಡವುಂಟು. ಅದರ ಶಾಸ್ತ್ರೀಯ ನಾಮ ‘ಹೆಮೆರೋಕ್ಯಾಲಿಸ್’. ಗ್ರೀಕ ಭಾಷೆಯಲ್ಲಿ ‘ಹೆಮೆರಾ’ ಎಂದರೆ ದಿನ, ‘ಕಲ್ಲೋಸ್’ ಎಂದರೆ ಸೌಂದರ್ಯ. ನಮ್ಮ ವ್ಯಾಕರಣದ ರೀತಿಯಲ್ಲಿ ಸಮಾಸವನ್ನು ಬಿಡಿಸಿದರೆ ‘ದಿನವೊಂದರ ಚೆಲುವು’ ಎಂದಾಗುವದು. ಅದರ ತವರು ಚೀನ, ಜಪಾನ ಮೊದಲಾದ ಪೂರ್ವದೇಶಗಳು. ಚೀನದಲ್ಲಿ ಅದರ ಮೊಗ್ಗುಗಳನ್ನು ಒಣಗಿಸಿ ಅಡಿಗೆಗೂ ಬಳಸುವರು. ಅಮೇರಿಕದ ಇಂಡಿಯಾನಾ ಪ್ರಾಂತದಲ್ಲಿದ್ದ ವಾಲ್ಟರ್ ಜಬ್ಲೋನ್ಸ್ಕಿ ಎಂಬವರು ಸಿದ್ಧಪಡಿಸಿದ ‘ಸ್ಟೆಲ್ಲಾ ಡಿ ಓರೋ’ ಎಂಬ ಹೊಂಬಣ್ಣದ ಪುಟ್ಟ ತಳಿಯು 1975ರಲ್ಲಿ ನೋಂದಾವಣೆಗೊಂಡು, 1985ರಲ್ಲಿ ಆ ಗಿಡದ ಪ್ರೇಮಿಗಳು ಕೊಡುವ ಅತ್ಯುಚ್ಚ ಪದಕವನ್ನು ಪಡೆಯಿತು. ಅದರ ಗುಣವೇನು? ಒಂದೊಂದು ಹೂವಿನ ಬಾಳು ಒಂದೇ ಹಗಲು. ಆದರೆ ಉಳಿದ ಡೇ ಲಿಲಿಗಳು ಕೆಲವು ವಾರ ಹೂಬಿಟ್ಟು ಸುಮ್ಮನಾದರೆ ಇದು ಬೇಸಗೆಯ ಆರಂಭದಿಂದ ಚಳಿಯು ಮೊದಲಾಗುವವರೆಗೆ ಮತ್ತೆ ಮತ್ತೆ ಮೊಗ್ಗು ಹಿಡಿಯುವದು. ಅಲ್ಲಿಯವರು ತಮ್ಮ ಹೆಮ್ಮೆಯ ತಳಿಯಲ್ಲಿ ಕಂಡುಕೊಂಡ ಈ ಗುಣವು ನಮ್ಮ ಬೇಲಿಯ ದಾಸವಾಳಕ್ಕೆ ಹುಟ್ಟುಗುಣ. ಚಳಿಗಾಲದಲ್ಲಿ ನಿದ್ರಿಸಿ ಏಳಬೇಕಾದ ಆ ಗಿಡಕ್ಕೆ ನಮ್ಮ ಹವೆ ಹಿತವಲ್ಲ. ನಿದ್ರೆಯನ್ನೇ ಅರಿಯದ ದಾಸವಾಳಕ್ಕೆ ನಮ್ಮ ಹವೆಯೇ ಹಿತ. ಲಿನೇಯಸ್ ಎಂಬ ಸ್ವೀಡನ್ ದೇಶದ ಪಂಡಿತನು 1753ರಲ್ಲಿ ಪ್ರಕಟಿಸಿದ ಒಂದೇ ಗ್ರಂಥದಲ್ಲಿ ಈ ಎರಡು ಗಿಡಗಳಿಗೂ ಶಾಸ್ತ್ರೀಯ ನಾಮಕರಣವಾಯಿತು. ದಾಸವಾಳಕ್ಕೆ ಅವನು ಕೊಟ್ಟ ಹೆಸರಿನ ಅರ್ಥ ‘ಚೀನದ ಗುಲಾಬಿ’. ಗುಲಾಬಿಗೂ ಇದಕ್ಕೂ ನಂಟಿಲ್ಲ. ಇದರ ನಿಜವಾದ ದಾಯಾದಿಗಳು ನಮ್ಮ ಬೆಂಡೆ, ಹತ್ತಿ, ಪುಂಡಿಗಳು. ಬೆಂಡೆಯ ಹೂವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದವರಿಗೆ ಈ ಮಾತನ್ನು ಬೇರೆ ಸಾಧಿಸಿ ತೋರಿಸಬೇಕಾಗಿಲ್ಲ.

ಸಂಸ್ಕೃತದಲ್ಲಿ ಇದರ ಪ್ರಸಿದ್ಧ ಹೆಸರು ಜಪಾ. ಅಮರಸಿಂಹನು ಓಡ್ರಪುಷ್ಪವೆಂದೂ ಹೇಳಿದ್ದಾನೆ. ಬಂಗಾಲಿಗಳ ಜಬಾ, ಮರಾಠರ ಜಾಸ್ವಂದ, ತೆಲುಗರ ಮಂದಾರ, ನಮ್ಮ ಮಲೆಸೀಮೆಯ ಮನೆಮಾತಿನಲ್ಲಿ ದಾಸಾಳ. ಮೇಘದೂತದ ಯಕ್ಷನು ಉಜ್ಜಯಿನಿಯ ಮಹಾಕಾಲನ ಸಂಧ್ಯಾತಾಂಡವದ ವೇಳೆಗೆ ಮೋಡವು ಹೊಸ ಜಪಾಪುಷ್ಪದಂಥ ಸಂಜೆಗೆಂಪನ್ನು ತಳೆದು ನಿಲ್ಲಬೇಕೆಂದು ಬೇಡಿಕೊಳ್ಳುವನು. ವೇದಾಂತಿಗಳಿಗಂತೂ ಈ ಹೂವು ಬಹು ಉಪಯುಕ್ತ. ಬಿಳಿಯ ಸ್ಫಟಿಕದ ಬದಿಗೆ ಕೆಂಪು ಜಪೆಯನ್ನಿಟ್ಟರೆ ಸ್ಫಟಿಕವೇ ಕೆಂಪಾಗಿ ತೋರುವದು. ಹೂವನ್ನು ತೆಗೆದರೆ ಮೊದಲಿನಂತೆ ನಿರ್ಮಲ. ಶುದ್ಧವಾದ ಆತ್ಮಕ್ಕೆ ಉಪಾಧಿಯಿಂದ ಬಣ್ಣವು ಬಂದಂತೆ ಕಾಣುವದೆಂಬುದಕ್ಕೆ ಇದು ದೃಷ್ಟಾಂತ. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿದ ನಾವು ಈ ದೃಷ್ಟಾಂತವನ್ನು ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ಆದರೆ ಶಾಸ್ತ್ರಕ್ಕೂ ಸಂಸಾರಕ್ಕೂ ಇಲ್ಲೊಂದು ವಿನೋದದ ಭೇದವುಂಟು: ಶಾಸ್ತ್ರದಲ್ಲಿ ಜಪೆಯು ತೆಗೆದಿಡಬೇಕಾದ ವಸ್ತು, ಸಂಸಾರದಲ್ಲಿ ಪ್ರತಿನಿತ್ಯ ತಂದಿಡಬೇಕಾದ ವಸ್ತು.

ಇನ್ನು ನಮ್ಮ ಗಿಡದ ಮಾತು. ನಮ್ಮ ವಾಸವು ಎಕ್ಕಂಬಿಯಲ್ಲಿ. ಶಿರಸಿಯಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ಮಾರ್ಗದಲ್ಲಿ ಈ ಊರಿದೆ. ಪಡುವಣಕ್ಕೆ ಅಡಿಕೆತೋಟಗಳ ದಟ್ಟ ಮಲೆನಾಡು, ಮೂಡಣಕ್ಕೆ ಮುಂಡಗೋಡದ ಬತ್ತದ ಬಯಲು, ನಡುವೆ ನಾವು. ಶಿರಸಿಯ ಪಶ್ಚಿಮದವರಷ್ಟು ಮಳೆಯು ನಮಗಿಲ್ಲ, ಬಯಲಿನವರಷ್ಟು ಬಿಸಿಲೂ ಇಲ್ಲ. ನೀರು ನಿಲ್ಲದ, ಬಿಸಿಲು ಬೀಳುವ ಜಾಗವನ್ನು ಬೇಡುವ ದಾಸವಾಳಕ್ಕೆ ಈ ಮಧ್ಯಮಸ್ಥಿತಿಯು ಚೆನ್ನಾಗಿ ಹೊಂದಿದೆ. ನಮ್ಮ ಅಂಗಳದ ಬೇಲಿಯಲ್ಲಿ ಒಂಟಿದಳದ ಕೆಂಪು ದಾಸವಾಳಗಳು ನಮ್ಮ ತಂದೆಯವರ ಕಾಲದಿಂದಲೂ ಇವೆ. ಬಾವಿಯ ಬದಿಗಿರುವ ಗಿಡದ ಕಥೆಯೇ ಬೇರೆ.

ನಮ್ಮ ಮನೆಯಾಕೆಯ ತವರು ಯಲ್ಲಾಪುರ ತಾಲೂಕಿನಲ್ಲಿ, ಕಳಚೆಯ ಕಡೆಯ ಬೆಟ್ಟದಿಳುಕಲಿನಲ್ಲಿ. 1994ರಲ್ಲಿ ಆಕೆಯು ಮದುವೆಯಾಗಿ ಈ ಮನೆಗೆ ಬಂದ ಮೊದಲನೆಯ ಮಳೆಗಾಲದಲ್ಲಿ ತವರಿಗೆ ಹೋಗಿ ಬರುವಾಗ ಬಟ್ಟೆಯ ಗಂಟಿನ ಜೊತೆಗೆ ಬಾಳೆಪಟ್ಟೆಯಲ್ಲಿ ಸುತ್ತಿದ ನಾಲ್ಕು ಟೊಂಗೆಗಳನ್ನು ತಂದಳು. ಆ ಮನೆಯಲ್ಲಿ ಅದಕ್ಕೆ ‘ಅಜ್ಜಿಯ ದಾಸಾಳ’ವೆಂದು ಹೆಸರು. ಆಕೆಯ ಅಜ್ಜಿಯು ತಾನು ಮದುವೆಯಾಗಿ ಬರುವಾಗ ಘಟ್ಟದ ಕೆಳಗಿನ ತನ್ನ ತವರಿನಿಂದ ತಂದದ್ದಂತೆ. ಹೂವು ಹಲವು ಸುತ್ತಿನ ಎಸಳಿನದು. ಬಣ್ಣವು ಕೇಸರಿಯೂ ತಿಳಿಗೆಂಪೂ ಬೆರೆತದ್ದು. ಬುಡದಲ್ಲಿ ಕುಂಕುಮವನ್ನು ಒತ್ತಿದಂಥ ಕಡುಗೆಂಪಿನ ಗುರುತು. ನಾಲ್ಕರಲ್ಲಿ ಎರಡು ಚಿಗುರಿದವು. ಎರಡರಲ್ಲಿ ಒಂದನ್ನು ಪಕ್ಕದ ಮನೆಯ ಆಕಳು ತಿಂದಿತು. ಉಳಿದದ್ದು ಇಂದಿಗೂ ಬಾವಿಯ ಬದಿಗೆ ನಿಂತಿದೆ. ಈಗ ಅದು ಮಾಡಿನ ಅಂಚಿಗೆ ತಾಗುವಷ್ಟು ಎತ್ತರ.

ಹೊಸದಾಗಿ ನೆಡುವವರಿಗೆ ಪ್ರಯೋಜನವಾಗಲೆಂದು ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ. ಟೊಂಗೆಯು ತೀರ ಎಳೆಯದೂ ಆಗಿರಬಾರದು, ತೀರ ಬಲಿತದ್ದೂ ಆಗಿರಬಾರದು. ಹಸುರು ಮಾಸಿ ಕಂದುಬಣ್ಣವು ಬರುತ್ತಿರುವ, ಪೆನ್ಸಿಲಿನಷ್ಟು ದಪ್ಪದ ಕವಲು ಉತ್ತಮ. ಗೇಣುದ್ದವಾಗಿ, ಮೂರು ನಾಲ್ಕು ಗೆಣ್ಣುಗಳಿರುವಂತೆ ಕತ್ತರಿಸಬೇಕು. ಕೆಳಗಿನ ಕೊಯ್ತವು ಗೆಣ್ಣಿನ ತುಸು ಕೆಳಗೆ ಓರೆಯಾಗಿರಲಿ. ಬೇರು ಬರುವದು ಬಹುಮಟ್ಟಿಗೆ ಗೆಣ್ಣಿನ ಬಳಿಯಿಂದಲೇ. ತುದಿಯ ಒಂದೆರಡು ಎಲೆಗಳನ್ನು ಬಿಟ್ಟು ಉಳಿದವನ್ನು ತೆಗೆಯಬೇಕು. ಎಲೆಗಳಿದ್ದಷ್ಟೂ ಟೊಂಗೆಯ ನೀರು ಆರುವದು. ಮರಳು ಬೆರೆಸಿದ ಸಡಿಲು ಮಣ್ಣಿನಲ್ಲಿ ಊರಿ, ನೆರಳಿನಲ್ಲಿಟ್ಟು, ಪಸೆಯಾರದಂತೆ ನೋಡಿಕೊಂಡರೆ ನಾಲ್ಕರಿಂದ ಆರು ವಾರಗಳಲ್ಲಿ ಬೇರು ಬಿಡುವದು. ಚಿಗುರು ಕಂಡ ಕೂಡಲೆ ಕಿತ್ತು ನೋಡುವ ಆತುರವು ಸಲ್ಲದು. ಬೇರು ಬರುವದಕ್ಕಿಂತ ಮೊದಲು ಟೊಂಗೆಯು ತನ್ನೊಳಗಿನ ಸಾರದಿಂದಲೇ ಚಿಗುರುವದುಂಟು. ನಮ್ಮ ಸೀಮೆಯಲ್ಲಿ ಇದಕ್ಕೆ ಆರಿದ್ರೆಯ ಮಳೆಯೇ ಯೋಗ್ಯ ಕಾಲ. ಆಗ ಆಕಾಶವೇ ನೀರು ಹಾಕುವ ಆಳು.

ನೆಲಕ್ಕೆ ಹಾಕಿದ ಮೇಲೆ ದಿನಕ್ಕೆ ಅರ್ಧ ಹೊತ್ತಾದರೂ ಬಿಸಿಲು ಬೇಕು. ನೆರಳಿನಲ್ಲಿ ಗಿಡವು ಬದುಕುವದು, ಹೂಬಿಡದು. ಬುಡಕ್ಕೆ ದರಕನ್ನು ಹರಡಿ, ವರ್ಷಕ್ಕೆ ಎರಡು ಸಲ ಹಳೆಯ ಕೊಟ್ಟಿಗೆ ಗೊಬ್ಬರವನ್ನೂ, ನಡುನಡುವೆ ಒಲೆಯ ಬೂದಿಯನ್ನು ಒಂದು ಹಿಡಿಯಷ್ಟನ್ನೂ ಕೊಟ್ಟರೆ ಸಾಕು. ಬೂದಿಯಲ್ಲಿರುವ ಪೊಟ್ಯಾಶು ಹೂವಿಗೆ ಪುಷ್ಟಿ. ಸೊಕ್ಕಿ ಬೆಳೆಯಲೆಂದು ಯೂರಿಯಾವನ್ನು ಸುರಿದರೆ ಎಲೆಯ ರಾಶಿಯೇ ಹೊರತು ಮೊಗ್ಗಿಲ್ಲ. ಬೇಸಗೆಯಲ್ಲಿ ಒಂದು ವಾರ ನೀರನ್ನು ಮರೆತು, ಆಮೇಲೆ ಒಮ್ಮೆಲೆ ಕೊಡಗಟ್ಟಲೆ ಹೊಯ್ಯುವವರ ಗಿಡದಲ್ಲಿ ಮೊಗ್ಗುಗಳು ಅರಳದೆ ಉದುರುವವು. ಅಕ್ಕರೆಯು ಅಳತೆಯಲ್ಲಿರಬೇಕು, ನಿತ್ಯವಾಗಿರಬೇಕು ಎಂಬದು ಮಕ್ಕಳ ವಿಷಯದಲ್ಲಿ ಹೇಗೋ ಗಿಡದ ವಿಷಯದಲ್ಲಿಯೂ ಹಾಗೆಯೇ.

ಕತ್ತರಿಯ ಭಯವು ಬೇಡ. ದಾಸವಾಳದ ಮೊಗ್ಗು ಹುಟ್ಟುವದು ಹೊಸ ಚಿಗುರಿನಲ್ಲಿ, ಎಲೆಯ ಕಂಕುಳಿನಲ್ಲಿ. ಹಳೆಯ ಕೊಂಬೆಯು ಹೂಬಿಡದು. ಆದುದರಿಂದ ಮಳೆಯು ಹಿಂದೆಗೆದ ಬಳಿಕ ಕೊಂಬೆಗಳನ್ನು ಮೂರನೆಯ ಒಂದು ಪಾಲು ಮೊಟಕುಮಾಡಿದರೆ ಪ್ರತಿ ಕೊಯ್ತದ ಕೆಳಗಿನಿಂದ ಎರಡು ಮೂರು ಹೊಸ ಕವಲುಗಳೊಡೆದು, ಮುಂದಿನ ತಿಂಗಳುಗಳಲ್ಲಿ ಅಷ್ಟಕ್ಕೂ ಹೂವುಗಳಾಗುವವು. ಬಿಳಿಯ ಹಿಟ್ಟಿನಂತೆ ಅಂಟಿಕೊಳ್ಳುವ ತಿಗಣೆಯೇ ಇದರ ದೊಡ್ಡ ಶತ್ರು. ಇರುವೆಗಳು ಕಾಂಡದ ಮೇಲೆ ಸಾಲುಗಟ್ಟಿ ಓಡಾಡಿದರೆ ತಿಗಣೆಯು ಬಂದಿತೆಂದೇ ತಿಳಿಯಬೇಕು. ಅದರ ಸಿಹಿದ್ರವಕ್ಕಾಗಿ ಇರುವೆಗಳು ಅದನ್ನು ಹಸುವಿನಂತೆ ಸಾಕುವವು. ಮುತ್ತಿದ ತುದಿಗಳನ್ನು ಕತ್ತರಿಸಿ ಸುಟ್ಟು, ಉಳಿದ ಭಾಗಕ್ಕೆ ಬೇವಿನೆಣ್ಣೆಯನ್ನು ಸಾಬೂನಿನ ನೀರಿನಲ್ಲಿ ಕದಡಿ ಚಿಮುಕಿಸುವದು ನಮ್ಮ ಮನೆಯ ರೂಢಿ. ಇನ್ನು ಮಂಗಗಳಿಗೆ ಯಾವ ಎಣ್ಣೆಯೂ ಮದ್ದಲ್ಲ. ಅವು ಬಂದ ದಿನ ದೇವರ ಹೂವೆಲ್ಲವೂ ಹನುಮಂತನಿಗೇ ಸಂದಿತೆಂದು ಭಾವಿಸಿ ಸುಮ್ಮನಿರುವದೇ ಲೇಸು.

ಈ ಹೂವಿನ ಚೆಲುವನ್ನು ನೋಡಬೇಕಾದರೆ ಬೆಳಗಿನ ಆರು ಗಂಟೆಗೆ ಎದ್ದು ಹೋಗಬೇಕು. ಹಿಂದಿನ ಸಂಜೆ ಕೊಡೆಯನ್ನು ಮಡಿಸಿದಂತೆ ಬಿಗಿದುಕೊಂಡಿದ್ದ ಮೊಗ್ಗು ಸುತ್ತನ್ನು ಬಿಚ್ಚುತ್ತ ಬರುವದು. ಎಂಟು ಗಂಟೆಯ ಸುಮಾರಿಗೆ ಪೂರ್ಣವಾಗಿ ಅರಳಿ, ಬೆರಳುದ್ದದ ಸೂರಕ್ಕಿಯು ಬಂದು ಹೂವಿನ ಬುಡಕ್ಕೆ ಕೊಕ್ಕನ್ನು ಚುಚ್ಚಿ ಮಧುವನ್ನು ಹೀರುವದು. ಕೊಯ್ದು ನೀರಿಲ್ಲದ ತಟ್ಟೆಯಲ್ಲಿಟ್ಟರೂ ಹೂವು ಸಂಜೆಯವರೆಗೆ ಅರಳಿದಂತೆಯೇ ಇರುವದು; ಗಿಡದಲ್ಲಿ ಬಿಟ್ಟರೂ ಅಷ್ಟೇ ಹೊತ್ತು. ತನ್ನ ಹಗಲನ್ನು ಅದು ಎಲ್ಲಿದ್ದರೂ ಪೂರ್ತಿಯಾಗಿ ಬಾಳುವದು. ಸಾಯುವ ರೀತಿಯೂ ಅಂದವಾದದ್ದು: ಎಸಳೊಂದೊಂದಾಗಿ ಉದುರಿ ಅಂಗಳವನ್ನು ಹೊಲಸು ಮಾಡದೆ, ತನ್ನನ್ನು ತಾನೇ ಸುರುಳಿ ಸುತ್ತಿಕೊಂಡು ಇಡಿಯಾಗಿ ಬೀಳುವದು.

ಮನೆಯ ಹೆಂಗಸರು ಈ ಗಿಡದ ಎಲೆಯನ್ನು ಕಿವಿಚಿ ತಲೆಸ್ನಾನಕ್ಕೆ ಗೊಂಪನ್ನು ಮಾಡುವರು. ಹೂವಿನಿಂದ ತಂಬುಳಿಯನ್ನು ಮಾಡುವರು. ಶಾಲೆಯಲ್ಲಿಯೂ ಇದಕ್ಕೆ ಕೆಲಸವುಂಟು. ನಾವಿದ್ದ ಶಾಲೆಯ ವಿಜ್ಞಾನದ ಅಧ್ಯಾಪಕರು ಪ್ರತಿ ವರ್ಷ ನಮ್ಮ ಬೇಲಿಯಿಂದ ಬುಟ್ಟಿ ತುಂಬ ಕೆಂಪು ಹೂವನ್ನು ತರಿಸಿಕೊಳ್ಳುತ್ತಿದ್ದರು. ಐದು ಪುಷ್ಪಪತ್ರ, ಐದು ದಳ, ಒಂದೇ ನಳಿಗೆಯಾಗಿ ಕೂಡಿಕೊಂಡ ಕೇಸರಗಳು, ಅದರ ನಡುವಿನಿಂದ ಹೊರಟು ತುದಿಯಲ್ಲಿ ಐದಾಗಿ ಕವಲೊಡೆದ ಶಲಾಕೆ. ಹೂವಿನ ಅಂಗಗಳನ್ನು ಕಲಿಯಲು ಇದಕ್ಕಿಂತ ಸ್ಪಷ್ಟವಾದ ಪುಸ್ತಕವಿಲ್ಲ. ಹೂವಿನ ರಸಕ್ಕೆ ಲಿಂಬೆಯನ್ನು ಹಿಂಡಿದರೆ ಕೆಂಪೇರುವದು, ಸುಣ್ಣದ ತಿಳಿಯನ್ನು ಬೆರೆಸಿದರೆ ಹಸುರಾಗುವದು. ಆಮ್ಲವನ್ನೂ ಕ್ಷಾರವನ್ನೂ ಗುರುತಿಸುವ ಈ ಪರೀಕ್ಷೆಯನ್ನು ನೋಡಿದ ಮಕ್ಕಳ ಕಣ್ಣುಗಳಲ್ಲಿ ಕಂಡ ಬೆಳಕನ್ನು ನಮ್ಮ ಸ್ಫಟಿಕದ ದೃಷ್ಟಾಂತವು ಎಂದೂ ತರಿಸಲಿಲ್ಲವೆಂದು ಒಪ್ಪಲೇಬೇಕು.

ಅಧ್ಯಾಪಕರು ‘ಅಜ್ಜಿಯ ದಾಸಾಳ’ವನ್ನು ಮಾತ್ರ ಬೇಡುತ್ತಿರಲಿಲ್ಲ. ಕಾರಣವಿಷ್ಟೇ: ಹಲವು ಸುತ್ತಿನ ದಾಸವಾಳಗಳಲ್ಲಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿರುತ್ತವೆ. ಹೂವಿಗೆ ತುಂಬು ಚೆಲುವು ಬಂದದ್ದು ಸಂತಾನವನ್ನು ತೆತ್ತು. ನಮ್ಮ ಗಿಡವು ಇಷ್ಟು ವರ್ಷಗಳಲ್ಲಿ ಒಂದು ಕಾಯನ್ನೂ ಕಚ್ಚಿದ್ದನ್ನು ನಾವು ಕಂಡಿಲ್ಲ. ಬೀಜವಿಲ್ಲವೆಂದರೆ ಗಾಳಿಯೂ ಹಕ್ಕಿಯೂ ನೀರೂ ಅದನ್ನು ಬೇರೊಂದು ಕಡೆಗೆ ಒಯ್ಯಲಾರವು. ಮನುಷ್ಯನ ಕೈಯೊಂದೇ ಅದರ ದಾರಿ. ಒಂದು ಮನೆಯಿಂದ ಇನ್ನೊಂದಕ್ಕೆ ಟೊಂಗೆಯು ಹೋದಾಗ ಹುಟ್ಟುವದು ಹೊಸ ಗಿಡವಲ್ಲ, ಅದೇ ಗಿಡದ ಇನ್ನೊಂದು ಭಾಗ. ಹೀಗಾಗಿ ಅಜ್ಜಿಯ ತವರಿನ ಗಿಡ, ನಮ್ಮ ಮನೆಯಾಕೆಯ ತವರಿನ ಗಿಡ, ನಮ್ಮ ಬಾವಿಯ ಬದಿಯ ಗಿಡ ಇವು ಮೂರಲ್ಲ, ಒಂದೇ. ಸ್ಟೆಲ್ಲಾ ಡಿ ಓರೋ ಎಂಬ ಆ ಪರದೇಶದ ಗಿಡವನ್ನೂ ಗೆಡ್ಡೆಯನ್ನು ಸೀಳಿಯೇ ಹಂಚುವರು; ಒಬ್ಬನ ತೋಟದ ಒಂದು ಗಿಡವು ಹಾಗೆಯೇ ದೇಶದೇಶಗಳ ಗಿಡವಾಯಿತು.

ಈ ಮಾತಿನ ಭಾರವು ನಮಗೆ ತಿಳಿದದ್ದು 2021ರಲ್ಲಿ. ಆ ವರ್ಷದ ಜುಲೈ ತಿಂಗಳ ಅತಿವೃಷ್ಟಿಯಲ್ಲಿ ಕಳಚೆಯ ಸುತ್ತಿನ ಗುಡ್ಡಗಳು ಕುಸಿದದ್ದನ್ನು ವಾಚಕರು ವೃತ್ತಪತ್ರಗಳಲ್ಲಿ ಓದಿರಬಹುದು. ರಸ್ತೆಗಳು ಹೋದವು, ಮನೆಗಳು ಹೋದವು, ತಲೆಮಾರುಗಳಿಂದ ಬೆಳೆಸಿದ ಅಡಿಕೆತೋಟಗಳು ಮಣ್ಣಿನೊಡನೆ ಕೆಳಗೆ ಜಾರಿದವು. ನಮ್ಮ ಮಾವನ ಮನೆಯವರ ಜೀವಗಳು ಉಳಿದವು. ತೋಟದ ಬಹುಭಾಗವೂ, ಮನೆಯ ಒಂದು ಪಾರ್ಶ್ವವೂ, ಹೂವಿನ ಗಿಡಗಳಿದ್ದ ಅಂಗಳವೂ ಉಳಿಯಲಿಲ್ಲ. ದಾರಿಯು ತೆರೆದ ಮೇಲೆ ನಮ್ಮ ಅತ್ತೆಯವರನ್ನು ಎಕ್ಕಂಬಿಗೆ ಕರೆತಂದೆವು. ಎಂಬತ್ತರ ಸಮೀಪದ ವಯಸ್ಸು. ಮೂರು ದಿನ ಅವರು ಜಗುಲಿಯ ಕಂಬಕ್ಕೊರಗಿ ಕುಳಿತರು. ಹೋದದ್ದರ ಬಗೆಗೆ ಒಂದು ಮಾತನ್ನೂ ಆಡಲಿಲ್ಲ, ಅಳಲೂ ಇಲ್ಲ. ಮಗಳು ಬಡಿಸಿದ್ದನ್ನು ಉಂಡರು, ಕೇಳಿದ್ದಕ್ಕೆ ತಲೆಯಾಡಿಸಿದರು.

ನಾಲ್ಕನೆಯ ದಿನ ಮಳೆಯು ಸ್ವಲ್ಪ ಹೊಳವಾಯಿತು. ಮುಖ ತೊಳೆಯಲು ಬಾವಿಯ ಕಡೆಗೆ ಹೋದವರು ಬಹು ಹೊತ್ತಾದರೂ ಮರಳಲಿಲ್ಲ. ನಾವು ಹೋಗಿ ನೋಡಿದರೆ ಗಿಡದ ಮುಂದೆ ನಿಂತಿದ್ದರು. ಮಳೆಯಲ್ಲಿ ತೋಯ್ದ ಏಳೆಂಟು ಹೂವುಗಳಿದ್ದವು. “ಅಳಿಯಂದಿರೇ, ಇದಾದರೂ ಇಲ್ಲಿ ಉಳಿದಿದೆಯಲ್ಲ,” ಎಂದರು. ಅಷ್ಟರಲ್ಲಿ ನಮ್ಮ ಮನೆಯಾಕೆಯೂ ಬಂದಳು. “ನೀನೇ ಕೊಟ್ಟದ್ದು, ಆಯಿ,” ಎಂದಳು. ತಾಯಿಯು ಆಗ ಅತ್ತರು. ನಾವು ಒಳಗೆ ಬಂದೆವು. ಅಲ್ಲಿ ಗಂಡಸಿನ ಕೆಲಸವೇನೂ ಇರಲಿಲ್ಲ.

ಶ್ರಾವಣದಲ್ಲಿ ತಾಯಿಯನ್ನು ನೋಡಲು ಮಗ ಬಂದನು. ಹಿಂದಿರುಗುವಾಗ ಸಂಕೋಚದಿಂದ, “ಭಾವಾ, ನಮ್ಮ ಮನೆಯ ಗಿಡದ ಟೊಂಗೆಯನ್ನು ನಿಮ್ಮಲ್ಲಿ ಬೇಡುವ ಕಾಲ ಬಂತು,” ಎಂದನು. “ಬೇಡುವದೇನು ಬಂತು ಭಾವಾ, ನಾಲ್ಕು ಟೊಂಗೆಯ ಸಾಲ ನಮ್ಮ ಮೇಲಿದೆ,” ಎಂದು ನಾವು ಹನ್ನೆರಡನ್ನು ಕೊಯ್ದು ಕೊಟ್ಟೆವು. ಅತ್ತೆಯವರೇ ಅವನ್ನು ಬಾಳೆಪಟ್ಟೆಯಲ್ಲಿ ಸುತ್ತಿ ಬಾಳೆನಾರಿನಿಂದ ಕಟ್ಟಿದರು. ಬೇರೆಡೆಗೆ ಸರಿದು ಹೊಸ ಮನೆಯನ್ನು ಕಟ್ಟಲು ಅವರಿಗೆ ಎರಡು ವರ್ಷ ಹಿಡಿಯಿತು. ಮನೆಯ ಗೋಡೆಯೇಳುವ ಮೊದಲೇ ಅಂಗಳದ ಮೂಲೆಯಲ್ಲಿ ಗಿಡವು ಹೂಬಿಟ್ಟಿತ್ತು. ಗೃಹಪ್ರವೇಶದ ದಿನ ಅತ್ತೆಯವರು ತಮ್ಮ ಕೈಯಿಂದಲೇ ಹೂವನ್ನು ಕೊಯ್ದು ದೇವರಿಗೆ ಏರಿಸಿದರು. ಅವರು ಈಗ ಇಲ್ಲ, ಗಿಡವಿದೆ.

ಕಳೆದುಹೋದ ತೋಟವು ಇದರಿಂದ ಮರಳಿ ಬಂದಿತೆಂದು ನಾವು ಹೇಳುವದಿಲ್ಲ. ಅಡಿಕೆಯ ತೋಟವು ಫಲಕ್ಕೆ ಬರಲು ಹಲವು ವರ್ಷಗಳು ಬೇಕು; ಜಾರಿದ ಮಣ್ಣು ಎಂದೂ ಮೇಲಕ್ಕೆ ಏರದು. ಹೂವೊಂದು ಹೊಟ್ಟೆಗೆ ಅನ್ನವನ್ನು ಕೊಡದು. ಆದರೆ ಮನುಷ್ಯನು ಒಂದು ನೆಲವನ್ನು ಬಿಟ್ಟು ಇನ್ನೊಂದರಲ್ಲಿ ಬೇರೂರಬೇಕಾದಾಗ, ಇದು ನಮ್ಮದು ಎಂದು ತೋರಿಸಲು ಒಂದಾದರೂ ಗುರುತು ಬೇಕಾಗುತ್ತದೆ. ಆ ಗುರುತನ್ನು ತಿಜೋರಿಯಲ್ಲಿಟ್ಟವರು ಕಳೆದುಕೊಂಡಾರು. ನೆರೆಯವರಿಗೂ ನಂಟರಿಗೂ ಹಂಚಿದವರು ಮರಳಿ ಪಡೆದಾರು. 1994ರಲ್ಲಿ ಅತ್ತೆಯವರು ‘ನಮ್ಮ ಮನೆಯ ವಿಶೇಷ, ಹೊರಗೆ ಕೊಡುವದಿಲ್ಲ’ ಎಂದಿದ್ದರೆ 2021ರಲ್ಲಿ ಆ ಗಿಡದ ಕಥೆಯು ಮುಗಿಯುತ್ತಿತ್ತು.

ಇತ್ತೀಚೆಗೆ ಪೇಟೆಯ ನರ್ಸರಿಗಳಲ್ಲಿ ತಟ್ಟೆಯಷ್ಟಗಲದ ಹೂವಿನ, ಒಂದೇ ದಳದಲ್ಲಿ ಮೂರು ಬಣ್ಣಗಳ ಹೊಸ ದಾಸವಾಳಗಳು ಬಂದಿವೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನ ಸಂಸ್ಥೆಯವರೂ ಚೆಲುವಾದ ತಳಿಗಳನ್ನು ಸಿದ್ಧಪಡಿಸಿದ್ದಾರೆ. ಅವನ್ನು ಬೆಳೆಸುವವರು ಬೆಳೆಸಲಿ, ನಮಗೆ ಅಸೂಯೆಯಿಲ್ಲ. ಆದರೆ ಅವನ್ನು ತರಲೆಂದು ಹಳೆಯ ಗಿಡವನ್ನು ಬುಡಸಮೇತ ಕಿತ್ತೊಗೆಯುವ ಮುನ್ನ, ಅದರ ಟೊಂಗೆಯು ಬೇರೆ ಎಲ್ಲಿಯಾದರೂ ಇದೆಯೇ ಎಂದು ವಿಚಾರಿಸಬೇಕು. ನರ್ಸರಿಯ ಗಿಡವು ಸತ್ತರೆ ಹಣ ಕೊಟ್ಟು ಮತ್ತೊಂದನ್ನು ತರಬಹುದು. ಹೆಸರಿಲ್ಲದ, ಮಾರಾಟಕ್ಕಿಲ್ಲದ, ಅಜ್ಜಿಯೊಬ್ಬಳ ಕೈಯಿಂದ ಬಂದ ಗಿಡವು ಸತ್ತರೆ ಅದನ್ನು ಯಾವ ಅಂಗಡಿಯವನೂ ಕೊಡಲಾರನು.

ನಮ್ಮ ಮನೆಯಲ್ಲಿ ಈಗ ಒಂದು ನಿಯಮವಿದೆ. ಕೇಳಿದವರಿಗೆ ಇಲ್ಲವೆನ್ನುವದಿಲ್ಲ, ಕೇಳದವರಿಗೂ ಒಂದೆರಡು ಟೊಂಗೆಗಳನ್ನು ಕೊಡುವೆವು. ಒಂದೇ ದಿಕ್ಕಿಗೆ ಎಲ್ಲವನ್ನೂ ಕೊಡದೆ, ಒಂದು ಘಟ್ಟದ ಮೇಲಿನ ಮನೆಗೆ, ಒಂದು ಕರಾವಳಿಗೆ, ಒಂದು ಬಯಲುಸೀಮೆಗೆ ಹೋಗುವಂತೆ ನೋಡಿಕೊಳ್ಳುವೆವು. ಹುಬ್ಬಳ್ಳಿಯ ಒಂದು ಮನೆಯ ಮಾಳಿಗೆಯ ಮೇಲೆ, ಕುಮಟೆಯ ಒಂದು ಹಿತ್ತಲಿನಲ್ಲಿ, ಸಿದ್ದಾಪುರದ ಕಡೆಯ ಒಂದು ತೋಟದಂಚಿನಲ್ಲಿ ‘ಅಜ್ಜಿಯ ದಾಸಾಳ’ವು ಇಂದು ಬೆಳಿಗ್ಗೆಯೂ ಅರಳಿರಬೇಕು. ವಾಚಕರ ಮನೆಗಳಲ್ಲಿಯೂ ಇಂಥ ಗಿಡವೊಂದು ಇರದೆ ಹೋಗದು. ದಾಸವಾಳವಲ್ಲದಿದ್ದರೆ ಗುಲಾಬಿಯೋ, ನಂದಿಬಟ್ಟಲೋ, ಮಲ್ಲಿಗೆಯೋ ಇದ್ದೀತು. ಅದು ಯಾರ ಕೈಯಿಂದ ಬಂದಿತೆಂಬದನ್ನು ಮನೆಯ ಹಿರಿಯರನ್ನು ಕೇಳಿ, ಮಕ್ಕಳಿಗೆ ಹೇಳಿರಿ. ಬರುವ ಆರಿದ್ರೆಯ ಮಳೆಯು ಹಿಡಿಯುವ ಹೊತ್ತಿಗೆ ಕತ್ತರಿಯನ್ನು ಮಸೆದಿಟ್ಟುಕೊಂಡು, ಮೂರು ಟೊಂಗೆಗಳನ್ನು ಮೂರು ಮನೆಗಳಿಗೆ ಕಳಿಸಿರಿ.